ಬ್ಯಾಟರಿಗೆ ಸುತ್ತಿದ ಕಂಬಳಿ

ನಗುವವರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ದೆವ್ವ ಗಿವ್ವ ನಂಬುವ ಪೈಕಿ ನಾನಲ್ಲ. ತಂತಿ, ವಾಲ್ವು, ಬ್ಯಾಟರಿ ಅಂತ ಕೈ ಸುಟ್ಟುಕೊಂಡವನು. ಆದರೂ ಹೇಳುತ್ತೇನೆ... ಇದು ಕೊಪ್ಪಳದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ ನಡೆದದ್ದು. ಕೇಳಿದ್ದು ನನ್ನವೇ ಕಿವಿ.

ಎರಡನೇ ಮಹಾಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷವಿತ್ತು. ನಾನು ಹತ್ತಿ ಜಿನ್ನಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದೆ. ರೇಡಿಯೋದಲ್ಲಿ ಮಾತಾಡುವ ಹುಚ್ಚಿದ್ದ ನಾಲ್ಕೈದು ಜನ ಸೇರಿ, ಪರವಾನಗಿ ಪಡೆದು, ಒಂದು ಕ್ಲಬ್ಬು ಮಾಡಿಕೊಂಡಿದ್ದೆವು. ಗಂಗಾವತಿಯ ಶಾಲೆಯಲ್ಲಿ ಮಾಸ್ತರರಾಗಿದ್ದ ವಿಠ್ಠಲರಾಯರು ಅದರಲ್ಲೊಬ್ಬರು. ನಮ್ಮ ಸಣ್ಣ ಸೆಟ್ಟುಗಳ ಅಲೆ ನೆಟ್ಟಗೆ ಹೋಗುತ್ತಿತ್ತು. ಗುಡ್ಡ ಅಡ್ಡ ಬಂದರೆ ಮುಗಿಯಿತು. ನನ್ನ ಮನೆಗೂ ಗಂಗಾವತಿಗೂ ನಡುವೆ ಇದ್ದದ್ದೇ ದೊಡ್ಡ ಬಂಡೆಗುಡ್ಡ. ನನ್ನ ದನಿ ರಾಯರಿಗೆ ನೇರವಾಗಿ ಒಮ್ಮೆಯೂ ಮುಟ್ಟಿರಲಿಲ್ಲ.

ಅದಕ್ಕೊಂದು ಉಪಾಯ ಮಾಡಿದೆವು. ನನ್ನ ತಮ್ಮ ಈರಣ್ಣ ಇನ್ನೊಂದು ಸೆಟ್ಟು ಹೊತ್ತುಕೊಂಡು ಹೋಗಿ ಗುಡ್ಡದ ನೆತ್ತಿಯ ಮೇಲೆ ಕೂರುವುದು. ನಾನು ಹೇಳಿದ್ದನ್ನು ಕೇಳಿಸಿಕೊಂಡು ಅದನ್ನೇ ತಿರುಗಿ ಹೇಳುವುದು. ಅವನ ದನಿ ಗುಡ್ಡದ ಎರಡೂ ಕಡೆ ಇಳಿಯುತ್ತಿತ್ತು. ರಾಯರ ಉತ್ತರವನ್ನೂ ಹಾಗೆಯೇ ನನಗೆ ಒಪ್ಪಿಸುತ್ತಿದ್ದ.

ಈರಣ್ಣ ನನಗಿಂತ ಎರಡೇ ವರ್ಷ ಚಿಕ್ಕವ. ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ನಾನು ಗಂಭೀರವಾಗಿ ಏನಾದರೂ ಹೇಳಿದರೆ, ಅದನ್ನು ಹೇಳಿ ಮುಗಿಸಿ, "ರಾಯರ, ಇವತ್ತ ನಮ್ಮ ಮನ್ಯಾಗ ಎಣಗಾಯಿ ಮಾಡ್ಯಾರ. ನಮ್ಮಣ್ಣ ನನ್ನ ಪಾಲಿಂದೂ ತಿಂದಾನ" ಅಂತ ಸೇರಿಸುತ್ತಿದ್ದ. ರಾಯರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಒಮ್ಮೆ ಕ್ಲಬ್ಬಿನ ಹಿರಿಯರೊಬ್ಬರು ಗಂಗಾವತಿಗೆ ಬಂದು, ರಾಯರ ಪಕ್ಕ ಕೂತು ನಮ್ಮ ಏರ್ಪಾಟು ಕೇಳುವವರಿದ್ದರು. ಹಿಂದಿನ ದಿನ ಈರಣ್ಣನನ್ನು ನಿಲ್ಲಿಸಿಕೊಂಡು ಬೈದೆ.

"ನಡುವ ಕುಂತಾವಗ ಸ್ವಂತ ಮಾತು ಇರೂದಿಲ್ಲ. ಕೇಳಿದ್ದು ಹೇಳೂದು, ಅಷ್ಟ. ನಾಳೆ ನಿಂದು ಅಂತ ಒಂದ ಮಾತು ಬಂತಂದ್ರ, ನನ್ನ ಮಾರಿ ನೋಡಬ್ಯಾಡ."

ಅವನು ಕಿವಿ ಹಿಡಿದುಕೊಂಡ. "ಆತಪಾ ಅಣ್ಣಾ. ನನ್ನ ಬಾಯಿಗೆ ಕೀಲಿ ಬಿತ್ತು, ನೋಡು."

ಮರುದಿನ ಸಂಜೆ ಹೊರಡುವಾಗ ಅವನ ಕಣ್ಣು ಕೆಂಪಗಿದ್ದವು. "ಮೈಯಾಗ ಚಳಿ ಹೊಕ್ಕಂಗ ಆಗೈತಿ ಅಣ್ಣಾ" ಅಂದ. ಮಾಗಿಯ ಕಾಲ ಅದು. ಒಳಗೆ ಹೋಗಿ ಅವ್ವನ ಕಂಬಳಿ ತಂದೆ. ತಂದು ಏನು ಹೇಳಿದೆ ಗೊತ್ತೇ? ಥಂಡಿಗೆ ಬ್ಯಾಟರಿಯ ಶಕ್ತಿ ಇಳಿಯುತ್ತದೆ ಅಂತ ಎಲ್ಲೋ ಓದಿದ್ದೆ. "ಇದನ್ನ ಬ್ಯಾಟರಿಗೆ ಸುತ್ತು. ಜ್ವಾಕಿ" ಅಂದೆ. ಈ ಹಾಳು ಬಾಯಿಂದಲೇ ಅಂದೆ.

ಆ ರಾತ್ರಿ ಎಲ್ಲ ಚೆನ್ನಾಗಿಯೇ ನಡೆಯಿತು. ಈರಣ್ಣ ಒಂದು ಅಕ್ಷರ ಹೆಚ್ಚು ಆಡಲಿಲ್ಲ. ಬರಬರುತ್ತ ಅವನ ದನಿ ನಡುಗತೊಡಗಿತು... ನಾನು ಸೆಟ್ಟಿನ ದೋಷ ಅಂದುಕೊಂಡೆ.

"ದನಿ ನಡಗಾಕತ್ತೈತಿ. ಬ್ಯಾಟರಿ ನೋಡು" ಅಂದೆ.

ಅವನು ಅದನ್ನೂ ಬಿಡದೆ ರಾಯರಿಗೆ ಒಪ್ಪಿಸಿದ. "ದನಿ... ನಡಗಾಕತ್ತೈತಿ... ಬ್ಯಾಟರಿ ನೋಡು."

ಸ್ವಲ್ಪ ಹೊತ್ತಿಗೆ ಅವನ ಕಡೆಯಿಂದ ಸದ್ದೇ ನಿಂತಿತು. ಬ್ಯಾಟರಿ ಮುಗಿಯಿತು ಅಂದುಕೊಂಡೆ. ಹೊತ್ತಾದರೆ ಅವನು ಗುಡ್ಡದ ಮೇಲಿನ ಗುಡಿಯಲ್ಲೇ ಮಲಗಿಬಿಡುತ್ತಿದ್ದ. ಹಾಗಾಗಿ ನಾನು ಹೊಟ್ಟೆ ತುಂಬ ಉಂಡು ಮಲಗಿದೆ.

ಬೆಳಗ್ಗೆ ಕುರಿ ಕಾಯುವ ದುರಗಪ್ಪ ಓಡಿ ಬಂದ. ಈರಣ್ಣ ಬಂಡೆಗೆ ಒರಗಿ ಕೂತೇ ಇದ್ದ. ಜೀವ ಯಾವಾಗಲೋ ಹೋಗಿತ್ತು. ಮೈಮೇಲೆ ಬರೀ ಅಂಗಿ. ಕಂಬಳಿ ಬ್ಯಾಟರಿಗೆ ಸುತ್ತಿತ್ತು, ಅಚ್ಚುಕಟ್ಟಾಗಿ, ಎರಡು ಸುತ್ತು. ಚಳಿಜ್ವರ ಜೋರಾಗಿತ್ತು, ಆ ಗಾಳಿಯಲ್ಲಿ ಹೊದಿಕೆಯಿಲ್ಲದೆ ಕೂರಬಾರದಿತ್ತು ಅಂದರು ಡಾಕ್ಟರು. ಅವ್ವ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಿಂಗಳು ಕಳೆಯಿತು. ಗುಡ್ಡದ ಸೆಟ್ಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ. ಅದರ ಬ್ಯಾಟರಿಯ ಆಸಿಡ್ ಚೆಲ್ಲಿ, ಖಾಲಿ ಡಬ್ಬಿಯನ್ನು ಹಿತ್ತಲಿಗೆ ಎಸೆದಿದ್ದೆ. ಇದನ್ನು ನೆನಪಿಡಿ.

ಒಂದು ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಪಡಸಾಲೆಗೆ ಬಂದು ನನ್ನ ಸೆಟ್ಟಿನ ಮುಂದೆ ಕೂತೆ. ಯಾಕೆ ಅಂದರೆ ಹೇಳಲಾರೆ. ತಮ್ಮನ ದನಿ ಎಷ್ಟೋ ಸಂಜೆ ಆ ಸೆಟ್ಟಿನಿಂದಲೇ ಬಂದಿತ್ತು, ಅಷ್ಟೇ. ಗುಂಡಿ ತಿರುವಿದೆ. ವಾಲ್ವು ಕೆಂಪಾದವು. ಕಾದ ಧೂಳಿನ ವಾಸನೆ. ಸುಸ್... ಎಂಬ ಒಂದೇ ಸಮನೆ ಸದ್ದು.

"ಕೊಪ್ಪಳ ಮಾತಾಡಾಕತ್ತೈತಿ" ಅಂದೆ ಮೆಲ್ಲಗೆ. "ಯಾರರ ಅದೀರೇನು?"

ಕೇಳುವ ಬದಿಗೆ ತಿರುವಿದೆ. ಸುಸ್...

ಆಮೇಲೆ ಆ ಸದ್ದು ತಟ್ಟನೆ ನಿಂತಿತು. ಆ ಸೆಟ್ಟು ಬಳಸಿದವರಿಗೆ ಗೊತ್ತು, ಎದುರಿನ ಇನ್ನೊಂದು ಸೆಟ್ಟಿನಿಂದ ಯಾರೋ ಮಾತಾಡಲು ಹೊರಟಾಗ ಮಾತ್ರ ಅದು ಹಾಗೆ ಅಡಗುತ್ತದೆ. ಸೆಟ್ಟಿಗೆ ಕಿವಿ ಹಚ್ಚಿದೆ.

"ಕೊಪ್ಪಳ ಮಾತಾಡಾಕತ್ತೈತಿ. ಯಾರರ ಅದೀರೇನು?"

ಮಾತು ನನ್ನದೇ. ದನಿ ಈರಣ್ಣನದು. ಹಿಂದೆ ಗಾಳಿ ಬೀಸುತ್ತಿತ್ತು. ನಡುನಡುವೆ ಕಟಕಟ ಅಂತ ಹಲ್ಲು ಬಡಿಯುವ ಸದ್ದು...

"ಈರಣ್ಣಾ!" ಅಂದೆ.

"ಈರಣ್ಣಾ" ಅಂದಿತು ಅದು.

"ನಂದು ತಪ್ಪಾತೋ ತಮ್ಮಾ. ಕೆಳಗಿಳದ ಬಾ, ಮನಿಗೆ ಬಾ."

"ನಂದು ತಪ್ಪಾತೋ ತಮ್ಮಾ. ಕೆಳಗಿಳದ ಬಾ, ಮನಿಗೆ ಬಾ."

ನಾನು ಅಳತೊಡಗಿದೆ. ಹೆದರಿಕೆಗಿಂತ ಅದೇ ಹೆಚ್ಚಾಗಿತ್ತು. "ನಿನ್ನ ಮಾತು ಆಡೋ. ನಿನ್ನ ಕಾಲಿಗೆ ಬೀಳ್ತೀನಿ, ನಿಂದು ಅಂತ ಒಂದ ಮಾತು ಆಡು."

ಗಾಳಿಯ ಸದ್ದು ಜೋರಾಯಿತು. ಆಮೇಲೆ ಅವನು ಅದನ್ನೂ ಹಾಗೆಯೇ ಒಪ್ಪಿಸಿದ. "ನಿನ್ನ ಮಾತು ಆಡೋ. ನಿನ್ನ ಕಾಲಿಗೆ ಬೀಳ್ತೀನಿ, ನಿಂದು ಅಂತ ಒಂದ ಮಾತು ಆಡು." ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಒಳಕೋಣೆಯಿಂದ ಅವ್ವನ ನಿದ್ದೆಗಣ್ಣಿನ ದನಿ ಬಂತು. "ಗುರಪ್ಪಾ, ಈರಣ್ಣ ಬಂದನೇನೋ? ಉಣ್ಣಾಕ ಇಡ್ಲೇನು?"

ಹಾಗಾದರೆ ಅವಳಿಗೂ ಕೇಳಿಸಿತ್ತು. "ಇಲ್ಲವ್ವಾ... ಮಲ್ಕೋ" ಅಂದೆ. ಸೆಟ್ಟಿನ ತಂತಿ ಕಿತ್ತೆ. ಟ್ರಂಕು ತೆರೆದು ನೋಡಿದೆ. ಗುಡ್ಡದ ಸೆಟ್ಟು ಅಲ್ಲೇ ಇತ್ತು, ತಣ್ಣಗೆ, ಧೂಳು ಹಿಡಿದು.

ದುಃಖಕ್ಕೆ ತಲೆ ಕೆಟ್ಟಿತ್ತು ಅನ್ನುತ್ತೀರಲ್ಲವೇ? ನಾನೂ ಬೆಳಗಿನವರೆಗೆ ಹಾಗೆಯೇ ಅಂದುಕೊಂಡೆ. ಮಧ್ಯಾಹ್ನದ ಮೋಟಾರಿಗೆ ವಿಠ್ಠಲರಾಯರು ಬಂದಿಳಿದರು. ಮುಖದಲ್ಲಿ ರಕ್ತವಿರಲಿಲ್ಲ. ಈರಣ್ಣನನ್ನು ಮಣ್ಣು ಮಾಡುವಾಗ ಬಂದು ಹೋದವರೇ ಅವರು.

"ನಿನ್ನಿ ರಾತ್ರಿ ಗುಡ್ಡದ ಮ್ಯಾಲೆ ಯಾರನ್ನ ಕೂಡ್ಸಿದ್ರಿ ಗುರಪ್ಪ?" ಅಂತ ಪಿಸುಗುಟ್ಟಿದರು.

"ಯಾರೂ ಇಲ್ರಿ."

ಕೇಳಿದ್ದನ್ನೆಲ್ಲ ಬರೆದಿಡುವ ರೂಢಿ ರಾಯರದು. ವಹಿ ತೆಗೆದು ನನ್ನ ಮುಂದಿಟ್ಟರು. ನಾನು ಅತ್ತುಕೊಂಡು ಆಡಿದ ಮಾತೆಲ್ಲ ಅದರಲ್ಲಿತ್ತು. ಗುಡ್ಡ ದಾಟಿ ಗಂಗಾವತಿಗೆ ಒಮ್ಮೆಯೂ ಮುಟ್ಟದ ನನ್ನ ಮಾತು... ಸಾಲಿಗೆ ಸಾಲು.

ಕೊನೆಗೆ ಇನ್ನೊಂದು ಸಾಲಿತ್ತು. ಅದು ನನ್ನದಲ್ಲ. ನಾನು ತಂತಿ ಕಿತ್ತ ಮೇಲೆ ಬಂದದ್ದಿರಬೇಕು. ರಾಯರು ಅದರ ಮೇಲೆ ಬೆರಳಿಟ್ಟು ಮುಖ ಆಚೆ ತಿರುಗಿಸಿದರು.

"ರಾಯರ, ಇದೊಂದು ನನ್ನ ಮಾತ್ರೀ. ಭಾಳ ಥಂಡಿ ಐತಿ. ಅಣ್ಣಗ ಹೇಳಬ್ಯಾಡ್ರಿ, ಬೈತಾನ."

ಆ ಸಂಜೆಯೇ ಕಂಬಳಿ ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದೆ. ಅವನು ಒರಗಿ ಕೂರುತ್ತಿದ್ದ ಬಂಡೆಗೆ ಹೊದಿಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿ ಇಳಿದು ಬಂದೆ. ಮರುದಿನ ನಸುಕಿನಲ್ಲಿ ಮತ್ತೆ ಹೋಗಿ ನೋಡಿದರೆ ಬಂಡೆ ಬರಿದಾಗಿತ್ತು. ಕಂಬಳಿ ನಾಲ್ಕು ಮಾರು ಆಚೆ, ಬ್ಯಾಟರಿ ಇಡುತ್ತಿದ್ದ ಜಾಗದಲ್ಲಿತ್ತು. ಅಚ್ಚುಕಟ್ಟಾಗಿ ಎರಡು ಸುತ್ತು ಸುತ್ತಿಟ್ಟಿತ್ತು. ಒಳಗೆ ಏನೂ ಇರಲಿಲ್ಲ.

ದುರಗಪ್ಪನನ್ನು ಕೇಳಿದೆ. ಕುರಿಯವರು ಯಾರೂ ಆ ರಾತ್ರಿ ಮೇಲೆ ಹತ್ತಿಲ್ಲ ಅಂದ. ಯುದ್ಧ ಶುರುವಾದಾಗ ಸರ್ಕಾರ ಎಲ್ಲರ ಸೆಟ್ಟುಗಳನ್ನೂ ಒಪ್ಪಿಸಿಕೊಂಡಿತು. ಸೆಟ್ಟಿನಲ್ಲಿ ಆ ದನಿಯನ್ನು ನಾನು ಮತ್ತೆ ಕೇಳಲಿಲ್ಲ. ಆದರೆ ಈಗಲೂ ಮಾಗಿ ಬಂದರೆ ಗುಡ್ಡ ಹತ್ತುತ್ತೇನೆ, "ಈರಣ್ಣಾ, ಹೊದ್ಕೊಳ್ಳೋ" ಅಂತ ಕೂಗುತ್ತೇನೆ. ಬಂಡೆಗಳು ಅದನ್ನೇ ತಿರುಗಿ ಹೇಳುತ್ತವೆ. ಬರೀ ಬಂಡೆಗಳೇ ಇರಬಹುದು... ಆದರೆ ಕೊನೆಗೆ ಆ ದನಿ ಸ್ವಲ್ಪ ನಡುಗುತ್ತದೆ.