ಮಿರ್ಚಿ ಅತ್ತೆಯ ಒಲೆ ಆರಿದ ದಿನಗಳು

ಹರಪನಹಳ್ಳಿಯಲ್ಲಿ ಡಾಕ್ಟರಿಗೆ ರಕ್ತದ ವರದಿ ತೋರಿಸಿ ಅವ್ವನ ಜೊತೆ ಹೊರಬಂದೆ. ಎದುರಿನ ಅಂಗಡಿಯಲ್ಲಿ ಮಿರ್ಚಿ ಬಜ್ಜಿ ಕರಿಯುತ್ತಿದ್ದರು. ಬಸುರಿಯಾದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ನಮ್ಮ ಎದುರುಮನೆಯ ಅತ್ತೆ ನೆನಪಾದಳು.

ಸಂಬಂಧದಲ್ಲಿ ಅತ್ತೆಯೇನಲ್ಲ, ಮಂಡಕ್ಕಿ-ಮಿರ್ಚಿ ಮಾರುತ್ತಿದ್ದವಳು. ಸಂಜೆ ಅವಳ ಬಾಣಲೆ ಕಾದರೆ ಓಣಿಗೆ ಓಣಿಯೇ ಅವಳ ಕಟ್ಟೆಯ ಮೇಲೆ. ಬಿಸಿ ಸಾಲದು ಅಂದವರಿಗೆ ಒಲೆಯೊಳಗೆ ಕೈಯಿಟ್ಟು ನೋಡಲು ಹೇಳುತ್ತಿದ್ದಳು…

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಟೀಚರು. ಈಚೆಗೆ ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಮೈಮೇಲೆ ಗುಳ್ಳೆ ಎದ್ದು, ಅದು ರುಬೆಲ್ಲಾ ಎಂದು ಗೊತ್ತಾಯಿತು. ನನಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಈಗ ಅದು ನನಗೆ ತಗುಲಿದರೆ ಹೊಟ್ಟೆಯ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಅಪಾಯ. ರಕ್ತ ಪರೀಕ್ಷೆಗೆ ಕೊಟ್ಟು ವರದಿಗಾಗಿ ದಿನ ಎಣಿಸಿದೆ.

ಡಾಕ್ಟರು ವರದಿ ನೋಡಿ ನಕ್ಕರು. ಸೋಂಕು ಹೊಸದಾದರೆ ರಕ್ತದಲ್ಲಿ ಮೊದಲು ಐಜಿಎಂ ಎಂಬ ಪ್ರತಿಕಾಯ ಕಾಣಿಸುತ್ತದಂತೆ, ನನ್ನಲ್ಲಿ ಅದಿಲ್ಲ. ಇರುವುದು ಐಜಿಜಿ, ಹಳೆಯ ಸೋಂಕು ಬಿಟ್ಟುಹೋದ ಕಾವಲು.

"ಸಣ್ಣಾಕಿದ್ದಾಗ ನಿಮಗ ಇದು ಬಂದು ಹೋಗೈತಿ. ಕೂಸಿಗೆ ಭಯ ಇಲ್ರಿ."

ಅವ್ವನಿಗೆ ಖುಷಿಯೋ ಖುಷಿ. ಆದರೂ ಮಗಳ ಮೈಮೇಲೆ ಒಂದು ಗುಳ್ಳೆಯೂ ಎದ್ದಿರಲಿಲ್ಲವೆಂದು ಮೆಟ್ಟಿಲಿಳಿಯುವವರೆಗೂ ವಾದಿಸಿದಳು. ಆಗ ಬಂದದ್ದೇ ಆ ವಾಸನೆ…

ನನ್ನ ತಮ್ಮ ಅವ್ವನ ಹೊಟ್ಟೆಯಲ್ಲಿದ್ದ ಕಾಲ. ಆಟಕ್ಕೆ ಹೋದ ನನ್ನ ಬೆನ್ನಿನ ಮೇಲೆ ಏನನ್ನೋ ಕಂಡ ಅತ್ತೆ, ಗುಳ್ಳೆ ಆರುವವರೆಗೆ ನನ್ನನ್ನು ತನ್ನಲ್ಲೇ ಇಟ್ಟುಕೊಂಡಳು. ಬೇವಿನ ಸೊಪ್ಪಿನ ಹಾಸಿಗೆ, ಮೈಯೆಲ್ಲ ತುರಿಕೆ. ಗುಳ್ಳೆ ಎದ್ದರೆ ಅಮ್ಮ ಬಂದಳು ಎನ್ನುತ್ತಿದ್ದ ಕಾಲ ಅದು. ಅಂಥ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಎಣ್ಣೆ ಕಾಯಿಸಬಾರದು. ಅತ್ತೆ ವ್ಯಾಪಾರ ಬಿಟ್ಟು ಬಾಣಲೆ ಬೋರಲು ಹಾಕಿದಳು. ಕೇಳಿದವರಿಗೆಲ್ಲ ಕಡಲೆಹಿಟ್ಟು ಮುಗ್ಗಿದೆ ಎಂದು ಸುಳ್ಳು ಹೇಳಿದಳು. ಬಸುರಿಗೆ ಇದು ಸೋಕಬಾರದು, ಗೊತ್ತಾದರೆ ಅವ್ವ ಓಡಿಬಂದು ಅಪ್ಪಿಕೊಳ್ಳುತ್ತಾಳೆ ಎಂಬುದು ಅವಳ ಲೆಕ್ಕ. ನನಗೂ ತಾಕೀತು ಮಾಡಿದ್ದಳು.

"ನಿಮ್ಮವ್ವಗ ಹೇಳಿದಿ ಅಂದ್ರ ನಿನಗ ಮಿರ್ಚಿ ಬಂದ್ ನೋಡು."

ಮಿರ್ಚಿಯೆಂದರೆ ನನಗೆ ಪ್ರಾಣ. ನಾನು ತುಟಿ ಬಿಚ್ಚಲಿಲ್ಲ, ಆಮೇಲೆ ಮರೆತೇಬಿಟ್ಟೆ.

ಇದನ್ನೆಲ್ಲ ಹೇಳಿದಾಗ ಅವ್ವ ಮೊದಲು ನಕ್ಕಳು. ಆಮೇಲೆ ರಸ್ತೆ ಬದಿಯಲ್ಲೇ ನಿಂತುಬಿಟ್ಟಳು. ಆಗ ನನ್ನನ್ನು ಕರೆದೊಯ್ಯಲು ಹೋದ ಅವ್ವನನ್ನು ಅತ್ತೆ ಬಾಗಿಲಿನಿಂದಲೇ ಗದರಿಸಿ ಕಳಿಸಿದ್ದಳಂತೆ. ಆ ಸಿಟ್ಟಿಗೆ ಅವ್ವ ಮಾತು ಬಿಟ್ಟಳು, ತಮ್ಮನ ತೊಟ್ಟಿಲಿಗೂ ಅವಳನ್ನು ಕರೆಯಲಿಲ್ಲ. ಎದುರಿಗೇ ಇದ್ದ ಅತ್ತೆ ಒಂದು ದಿನವೂ ಕಾರಣ ಹೇಳಲಿಲ್ಲ. ಅವಳು ತೀರಿಕೊಂಡು ವರ್ಷಗಳಾದವು…

"ಆಕಿ ಇದ್ದಿದ್ರ, ಈ ಕೂಸಿನ ತೊಟ್ಲಕ್ಕ ಮೊದಲು ಆಕಿನ್ನ ಕರೀತಿದ್ದೆ" ಎಂದಳು ಅವ್ವ.

ನನಗೆ ಅಳು ಬಂತು. ಅವ್ವನ ಕೈ ಹಿಡಿದುಕೊಂಡು ಮಿರ್ಚಿ ಅಂಗಡಿಯತ್ತ ರಸ್ತೆ ದಾಟಿದೆ.