ಬ್ಯಾಂಕು ನಮ್ಮ ಮಾತು ಕಲಿತದ್ದು

ನಿನ್ನೆ ಕೊಪ್ಪಳದ ಅಂಚೆ ಕಚೇರಿಯಲ್ಲಿ ಒಂದು ಪೊಟ್ಟಣ ಕಳಿಸಲು ನಿಂತಿದ್ದೆ. ತಂಗಿಯ ಮಗಳ ಮದುವೆಗೆ ಬೆಳ್ಳಿಯ ಕಾಲುಂಗುರ. ವಿಮೆ ಮಾಡಿಸದೆ ಕಳಿಸಲು ಮನಸ್ಸಾಗಲಿಲ್ಲ. ಕೌಂಟರಿನ ಆಚೆ ಕುಳಿತ ಹುಡುಗಿ ಮೇಣದಬತ್ತಿ ಹಚ್ಚಿ, ಅರಗಿನ ಕಡ್ಡಿ ಕರಗಿಸಿ, ಪೊಟ್ಟಣದ ಗಂಟಿನ ಮೇಲೆ ತೊಟ್ಟಿಕ್ಕಿಸಿ ಮುದ್ರೆ ಒತ್ತಿದಳು. ಆ ಸುಟ್ಟ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ೧೯೮೭ರ ಗಂಗಾವತಿಯಲ್ಲಿದ್ದೆ. ಆಗ ನಾನು ಬ್ಯಾಂಕಿಗೆ ಹೊಸದಾಗಿ ಕ್ಲಾರ್ಕ್ ಆಗಿ ಸೇರಿದ್ದ ಯಲಬುರ್ಗಾದ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಜಡೆ, ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿ, ಯಾರು ಮಾತಾಡಿಸಿದರೂ ‘ಹ್ಞಾಂ ಸರ್’.

ನಮ್ಮ ಶಾಖೆಯಲ್ಲಿ ನಗದು ಚೀಲಗಳಿಗೆ ಅರಗು ಹಾಕುವ ಮೇಜು ಮೆಟ್ಟಿಲ ಕೆಳಗಿತ್ತು. ಅದರ ಪಕ್ಕದಲ್ಲೇ ಹೊರಗಿನ ಕರೆಗಳನ್ನು ಒಳಗಿನವರಿಗೆ ಜೋಡಿಸುವ ಟೆಲಿಫೋನ್ ಬೋರ್ಡು. ಬೋರ್ಡಿನ ಹಿಂದೆ ದೇವೇಂದ್ರಪ್ಪ. ಹುಟ್ಟಿದಾಗಿನಿಂದ ಕಣ್ಣು ಕಾಣದವರು. ಆದರೆ ನೀವು ಅವರನ್ನು ಪಾಪ ಎನ್ನುವ ಹಾಗಿರಲಿಲ್ಲ, ಅಷ್ಟು ಗತ್ತಿನ ಮನುಷ್ಯ. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಚಿನ್ನದ ಬಣ್ಣದ ಮುಚ್ಚಳದ ಪೆನ್ನು. ಆ ಪೆನ್ನು ಯಾಕೆ ಎಂದು ಒಮ್ಮೆ ಕೇಳಿಬಿಟ್ಟೆ. “ಪೆನ್ನಿಲ್ಲದ ಬ್ಯಾಂಕಿನವಾ ಅಂದ್ರ ಮಂದಿ ಏನಂದಾರ್ರೀ ಅಕ್ಕಾರ?” ಎಂದರು. ನಾನು ಅವರಿಗಿಂತ ಹತ್ತಾರು ವರ್ಷ ಚಿಕ್ಕವಳು, ಆದರೂ ಮೊದಲ ದಿನದಿಂದಲೂ ‘ಅಕ್ಕಾರ’. ಅಕ್ಕಿ ಗಿರಣಿಯ ಸಾಹುಕಾರರ ಜೊತೆ ತೆಲುಗು, ಮಾರುಕಟ್ಟೆಯ ದಲ್ಲಾಳಿಗಳ ಜೊತೆ ಉರ್ದು, ಉಳಿದವರ ಜೊತೆ ಕನ್ನಡ. ಫೋನೆತ್ತಿ ‘ಹಲೋ’ ಅನ್ನುವಷ್ಟರಲ್ಲಿ ಆ ಕಡೆಯವರು ಯಾರೆಂದು ಹೇಳುತ್ತಿದ್ದರು. ಅವರ ದನಿಯೂ ಗಂಭೀರವಾಗಿತ್ತು, ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಕಂಪ್ಯೂಟರು ಬಂತು. ಅದಕ್ಕೊಂದು ಗಾಜಿನ ಕೋಣೆ, ತಂಪು ಗಾಳಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಮೊದಲ ದಿನ ಕುಂಕುಮ ಹಚ್ಚಿ ಕಾಯಿ ಒಡೆದೆವು. ಕಾಯಿ ನೀರು ಯಂತ್ರದ ಮೇಲೆ ಸಿಡಿಯದಂತೆ ಮ್ಯಾನೇಜರರು ತಮ್ಮ ಕೈಚೌಕವನ್ನೇ ಹಾಸಿದ್ದರು. ನಾನಂತೂ ಮೌಸ್ ಮುಟ್ಟಲು ಹೆದರಿ, ಅದನ್ನು ಎತ್ತಿ ಗಾಳಿಯಲ್ಲಿ ಆಡಿಸಿ, ‘ಬಾಣ ಓಡಾಡವಲ್ದು ಸರ್’ ಎಂದು ದೂರು ಕೊಟ್ಟವಳು. ಮೇಜಿಗೊಂದು ನೇರ ಫೋನು ಬಂದು ಟೆಲಿಫೋನ್ ಬೋರ್ಡು ಹೋಯಿತು. ದೇವೇಂದ್ರಪ್ಪನವರ ಕುರ್ಚಿ ಮಾತ್ರ ಉಳಿಯಿತು, ಕೆಲಸ ಉಳಿಯಲಿಲ್ಲ.

ಮ್ಯಾನೇಜರರು ಕೆಟ್ಟವರಲ್ಲ. ಒಂದು ಮಧ್ಯಾಹ್ನ ಚಹಾ ತರಿಸಿಕೊಟ್ಟು, ಸ್ವಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡರೆ ಒಳ್ಳೆಯ ಗಂಟೇ ಸಿಗುತ್ತದೆ ಎಂದು ಮೆಲ್ಲಗೆ ಹೇಳಿದರು. ದೇವೇಂದ್ರಪ್ಪ ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು.

“ಸಾಹೇಬ್ರ, ನನ್ನ ಕಣ್ಣು ಹೋಗ್ಯಾವ. ನೌಕರಿ ಹೋಗಿಲ್ರಿ.”

ಮರುವಾರವೇ ರಜೆ ಹಾಕಿ ಬೆಂಗಳೂರಿಗೆ ಹೋದರು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶವೊಂದು ಇದೆಯೆಂದು ಯಾರಿಂದಲೋ ಕೇಳಿದ್ದರು. ಅದನ್ನು ಕಲಿತೇ ಮರಳಿದರು. ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತರೆ ಒಳಗೆ ಇಂಗ್ಲಿಷು ಕಾಳು ಹುರಿದಂತೆ ಸಿಡಿಯುತ್ತಿತ್ತು, ನಮಗೆ ಒಂದು ಪದವೂ ಸಿಗುತ್ತಿರಲಿಲ್ಲ. ಅವರ ಬೆರಳು ಮಾತ್ರ ಕೀಲಿಮಣೆಯ ಮೇಲೆ ಓಡುತ್ತಿತ್ತು. ನನಗೆ ಕಂಪ್ಯೂಟರು ಕಲಿಸಿದವರೂ ಅವರೇ. ಅವರಿಗೆ ಮೌಸಿನ ಹಂಗಿರಲಿಲ್ಲವಾದ್ದರಿಂದ ನನಗೂ ಆ ಕಾಟ ತಪ್ಪಿತು. ನಿವೃತ್ತಿಯವರೆಗೂ ನಾನು ಎಲ್ಲವನ್ನೂ ಕೀಲಿ ಒತ್ತಿಯೇ ಮಾಡಿದವಳು. ನೋಡಿದವರು ಭಾರೀ ನುರಿತವಳೆಂದುಕೊಂಡರು, ನಾನೂ ಅಲ್ಲವೆನ್ನಲಿಲ್ಲ.

ವರ್ಗಾವಣೆಯ ಮೇಲೆ ಕುಷ್ಟಗಿ, ಯಲಬುರ್ಗಾ, ಮತ್ತೆಲ್ಲೋ ಸುತ್ತಿ, ವರ್ಷಗಳ ನಂತರ ಮ್ಯಾನೇಜರಾಗಿ ಗಂಗಾವತಿಗೇ ಬಂದೆ. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಮೊಬೈಲು. ಖಾತೆಗೆ ಹಣ ಬಂದರೆ, ಹೋದರೆ, ಇಂಗ್ಲಿಷಿನಲ್ಲಿ ಸಂದೇಶ. ಆಗ ನಡೆದ ಒಂದು ಪ್ರಸಂಗವನ್ನು ನಿಮಗೆ ಹೇಳಲೇಬೇಕು.

ಹುಲಿಗೆವ್ವ ಎಂಬ ಹೆಂಗಸು, ಕನಕಗಿರಿಯವಳು, ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುತ್ತಿದ್ದಳು. ಓದು ಬರಹ ಬಾರದು. ಒಂದು ದಿನ ಕೌಂಟರಿಗೆ ಬಂದು ಮೊಬೈಲು ಚಾಚಿ, “ಇದರಾಗ ಏನ್ ಬಂದೈತಿ ನೋಡಪಾ” ಎಂದಳು. ನಮ್ಮ ಕ್ಲಾರ್ಕು ಒಳ್ಳೆಯ ಹುಡುಗ, ಆದರೆ ದೊಡ್ಡ ಗಂಟಲು. ಸಂದೇಶ ಓದಿ, ಆಕೆಯ ಖಾತೆಯಲ್ಲಿ ಎಷ್ಟಿದೆಯೆಂದು ಇಡೀ ಹಾಲಿಗೆ ಕೇಳುವಂತೆ ಹೇಳಿದ. ಸಾಲಿನಲ್ಲಿ ಆಕೆಯ ಮೈದುನ ನಿಂತಿದ್ದ. ಮಗಳನ್ನು ನರ್ಸಿಂಗ್ ಓದಿಸಬೇಕೆಂದು ಯಾರಿಗೂ ತಿಳಿಯದಂತೆ ಕೂಡಿಟ್ಟ ದುಡ್ಡು ಅದು. ವಾರದೊಳಗೆ ಹುಲಿಗೆವ್ವ ಬಂದು ಅಷ್ಟನ್ನೂ ತೆಗೆಸಿದಳು. ಮೈದುನನಿಗೆ ಮೋಟಾರ್ ಸೈಕಲ್ಲು ಬೇಕಾಗಿತ್ತಂತೆ. ನನ್ನೆದುರು ಆಕೆ ಅಳಲಿಲ್ಲ. “ಇರ್ಲಿ ಬಿಡ್ರಿ, ಮತ್ತ ಕೂಡಿಸ್ತೀನಿ” ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಈಗ ನಮ್ಮ ಶಾಖೆಯ ಸಹಾಯದ ಮೇಜಿನಲ್ಲಿದ್ದ ದೇವೇಂದ್ರಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುದಿನ ನನ್ನ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತರು.

“ಅಕ್ಕಾರ, ನನ್ನ ಪಾಸ್‌ಬುಕ್ಕು ಇಲ್ಲೀತನಕಾ ಯಾರ್‍ಯಾರು ಓದ್ಯಾರ ಗೊತ್ತೈತೇನ್ರಿ? ನಮ್ಮಪ್ಪ ಓದ್ಯಾನ, ನಮ್ಮಣ್ಣ ಓದ್ಯಾನ, ಹೇಣ್ತಿ, ಮಕ್ಕಳು, ಮಗ್ಗಲಮನಿಯವ್ರು ಓದ್ಯಾರ. ನಾ ಒಬ್ಬಾವ ಬಿಟ್ಟು ಎಲ್ಲಾರೂ ಓದ್ಯಾರ. ಹುಲಿಗೆವ್ವಗ ಕಣ್ಣು ಅದಾವ. ಆದ್ರ ಆಕೀದೂ ನನ್ನ ಹಣೇಬರಾನ ಆತಲ್ರಿ.”

ಬ್ಯಾಂಕಿನಲ್ಲಿ ಗುಟ್ಟು ಎಂದರೆ ಲಾಕರಿನ ಬೀಗ, ಅರಗಿನ ಮುದ್ರೆ ಎಂದುಕೊಂಡವಳು ನಾನು. ಓದಲು ಬಾರದವರಿಗೆ ಗುಟ್ಟೇ ಇಲ್ಲ ಎಂಬುದು ಅಷ್ಟು ವರ್ಷ ನೋಡಿದರೂ ಹೊಳೆದಿರಲಿಲ್ಲ.

ಅವರ ಯೋಚನೆ ಸರಳವಾಗಿತ್ತು. ಗಿರಾಕಿ ಬ್ಯಾಂಕಿನ ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು. ಬ್ಯಾಂಕೇ ತಿರುಗಿ ಫೋನು ಮಾಡುತ್ತದೆ. ತನ್ನ ಗುಟ್ಟಿನ ಅಂಕಿ ಒತ್ತಿದರೆ ಖಾತೆಯ ಸುದ್ದಿಯನ್ನು ಆ ಗಿರಾಕಿಯ ಕಿವಿಗೆ ಮಾತ್ರ ಹೇಳುತ್ತದೆ. ಅದೂ ನಮ್ಮ ಮಾತಿನಲ್ಲಿ. ಕೇಂದ್ರ ಕಚೇರಿಯ ಅಂಥ ಯಂತ್ರವೊಂದು ಆಗಲೇ ಇತ್ತು ಅನ್ನಿ. ‘ತಮ್ಮ ಖಾತೆಯ ಶಿಲ್ಕನ್ನು ಅರಿಯಲು’ ಎಂದು ಶುರುಮಾಡುತ್ತಿತ್ತು. ನಮ್ಮವರು ಅಷ್ಟು ಕೇಳಿ, ಯಾರೋ ದೊಡ್ಡವರು ತಪ್ಪಿ ತಮಗೆ ಫೋನು ಮಾಡಿದ್ದಾರೆಂದು ಇಟ್ಟುಬಿಡುತ್ತಿದ್ದರು.

ಕೊಪ್ಪಳದಲ್ಲಿ ಮೇಲಧಿಕಾರಿಗಳ ಸಭೆ. ದೇವೇಂದ್ರಪ್ಪ ಮಾದರಿಗೆಂದು ತಮ್ಮದೇ ದನಿಯಲ್ಲಿ ಹೇಳಿ ತೋರಿಸಿದರು: “ನಮಸ್ಕಾರ್ರೀ. ನಿಮ್ಮ ಖಾತ್ಯಾಗ ರೊಕ್ಕ ಎಷ್ಟೈತಿ ಹೇಳ್ತೀನಿ, ಕೇಳ್ರಿ.” ಅಧಿಕಾರಿಗಳು ಮುಖ ಕಿವುಚಿದರು. “ಇದು ಬ್ಯಾಂಕಿನ ಗೌರವದ ಪ್ರಶ್ನೆ ರೀ. ಬ್ಯಾಂಕು ‘ಐತಿ’ ಅಂತ ಮಾತಾಡೋದಾ?”

“ಮಾತಿನ ಕೊನಿಗೆ ‘ರಿ’ ಹಚ್ಚೀನಲ್ರಿ ಸಾಹೇಬ್ರ, ಅದಕ್ಕಿಂತಾ ಗೌರವ ಇನ್ಯಾವ್ದೈತಿ?” ಎಂದರು ದೇವೇಂದ್ರಪ್ಪ.

ಅಧಿಕಾರಿಗಳಿಗೇ ನಗು ತಡೆಯಲಾಗಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೇ ಶಾಖೆಯಲ್ಲಿ ಮಾಡಿ ನೋಡಿ ಎಂದು ಒಪ್ಪಿಗೆ ಕೊಟ್ಟರು. ತಂತ್ರಜ್ಞಾನ ವಿಭಾಗದ ಇಬ್ಬರು ಹುಡುಗಿಯರನ್ನೂ ಜೊತೆಗೆ ಹಾಕಿದರು. ಮೂವರೂ ಕೂಡಿ ಜಗಳಾಡುತ್ತಲೇ ಅದನ್ನು ಕಟ್ಟಿದರು.

ದನಿ ಯಾರದು? ದೇವೇಂದ್ರಪ್ಪನವರಿಗೆ ಅನುಮಾನವೇ ಇರಲಿಲ್ಲ, ಅವರದೇ. ಗಂಟಲಿಗೆ ಕಲ್ಲುಸಕ್ಕರೆ ಬೇರೆ ಶುರುಮಾಡಿದ್ದರು. ಮೊದಲು ಹುಲಿಗೆವ್ವನಿಗೆ ಕೇಳಿಸಿದೆವು. ಆಕೆ ಕೇಳಿ, ಫೋನು ಕೆಳಗಿಟ್ಟು, ಸಂಕೋಚದಿಂದ ನಕ್ಕಳು.

“ದನಿ ಭಾಳ ಛಲೋ ಐತಿ ದೇವಣ್ಣಾ. ಆದ್ರ ಹೊತ್ತಿಲ್ಲದ ಹೊತ್ತಿನ್ಯಾಗ ಗಂಡಸಿನ ಫೋನು ಬಂದ್ರ ಮನ್ಯಾಗ ಯಾರಂವಾ ಅಂತ ಕೇಳಂಗಿಲ್ಲೇನು?”

ಅವರ ಮುಖ ಒಂದು ಗಳಿಗೆ ಬಾಡಿತು. ಮರುಗಳಿಗೆ ನನ್ನ ಕಡೆ ತಿರುಗಿ, “ಅಕ್ಕಾರ, ನೀವ ಹೇಳ್ಬೇಕಾತು ನೋಡ್ರಿ” ಎಂದರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ಬೆಂಗಳೂರಿನ ತರಬೇತಿಯಲ್ಲಿ ನನ್ನ ‘ಐತಿ’, ‘ಹೋಗ್ಯಾನ’ ಕೇಳಿ ಜೊತೆಯವರು ನಕ್ಕಿದ್ದರು. ಅಂದಿನಿಂದ ನಾನು ಹಲ್ಲು ಕಚ್ಚಿ ‘ಇದೆ’, ‘ಹೋಗಿದ್ದಾನೆ’ ಅಭ್ಯಾಸ ಮಾಡಿಕೊಂಡಿದ್ದೆ. ಈಗ ಅದೆಲ್ಲವನ್ನೂ ಬಿಚ್ಚಿಡಬೇಕು. ಗಂಗಾವತಿಯ ಬೀದಿಯ ಟ್ರ್ಯಾಕ್ಟರ್ ಸದ್ದಿನಲ್ಲಿ ಧ್ವನಿಮುದ್ರಣ ಆಗುವ ಮಾತಲ್ಲ. ಶಾಖೆಯಲ್ಲಿ ನಿಶ್ಶಬ್ದ ಇದ್ದದ್ದು ಲಾಕರ್ ಕೋಣೆಯಲ್ಲಿ ಮಾತ್ರ. ಕಬ್ಬಿಣದ ಪೆಟ್ಟಿಗೆಗಳಿಂದ ದನಿ ಮಾರ್ದನಿಸುತ್ತದೆಂದು ನಮ್ಮ ಮನೆಯ ಕೌದಿಗಳನ್ನೆಲ್ಲ ತಂದು ಸುತ್ತ ನೇತುಹಾಕಿದೆವು. ಒಳಗೆ ಬೆವರುತ್ತ ನಾನು, ಎದುರಿಗೆ ತಲೆ ವಾಲಿಸಿ ಕುಳಿತ ದೇವೇಂದ್ರಪ್ಪ.

“ಬ್ಯಾಡ್ರಿ. ರೇಡಿಯೋದಾಗ ವಾರ್ತಾ ಓದಾಕತ್ತೀರಿ. ಮತ್ತೊಮ್ಮೆ.”

ಮತ್ತೊಮ್ಮೆ ಓದಿದೆ.

“ಈಗ ಸಾಲೀ ಟೀಚರ್ ಆದ್ರಿ. ನಿಮ್ಮವ್ವಗ ಹೇಳ್ದಂಗ ಹೇಳ್ರಿ, ಅಕ್ಕಾರ. ಅವ್ವಗ ಹೆಂಗ ಹೇಳ್ತಿದ್ರಿ?”

ಅವ್ವ ತೀರಿಹೋಗಿ ಬಹಳ ಕಾಲವಾಗಿತ್ತು. ಆಕೆಗೂ ಓದು ಬರುತ್ತಿರಲಿಲ್ಲ. ಊರಿಂದ ಬಂದ ಕಾಗದವನ್ನು ಒಲೆಯ ಮುಂದೆ ಕುಳಿತು ನಾನೇ ಓದಿ ಹೇಳುತ್ತಿದ್ದೆ. ಕಣ್ಣು ಮುಚ್ಚಿದೆ. ‘ನಿಮ್ಮ ಖಾತ್ಯಾಗ ರೊಕ್ಕ ಬಂದೈತ್ರಿ’ ಎಂದೆ. ದೇವೇಂದ್ರಪ್ಪ ಭಲೇ ಎಂಬಂತೆ ಮೇಜನ್ನು ಒಮ್ಮೆ ತಟ್ಟಿದರು. ಹೀಗೆ ಅಂಕಿಗಳೆಲ್ಲ, ಸಾವಿರ ಲಕ್ಷಗಳೆಲ್ಲ ನನ್ನ ಬಾಯಿಂದ ಯಂತ್ರದೊಳಗೆ ಹೋದವು.

ಸೇವೆ ಶುರುವಾದ ಮೇಲೆ ನಾಲ್ಕೂ ಊರಿನಲ್ಲಿ ಅದು ಬಾಯಿಂದ ಬಾಯಿಗೆ ಹರಡಿತು. ಯಲಬುರ್ಗಾದಲ್ಲಿ ಪಿಂಚಣಿಯ ಮುದುಕರು ಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬರೇ ಎದ್ದು ದೂರ ಹೋಗಿ ಫೋನಿನಲ್ಲಿ ಕೇಳಿ ಬರುತ್ತಿದ್ದರಂತೆ. ಕುಷ್ಟಗಿಯ ದಾಳಿಂಬೆ ತೋಟದವರು, ಓದುಬಲ್ಲವರು, ಅವರೂ ಅದನ್ನೇ ಹಿಡಿದರು.

ಎರಡು ವರ್ಷದ ಮೇಲೆ, ಬ್ಯಾಂಕಿಂಗ್ ಕ್ಷೇತ್ರದ ಡಿಜಿಟಲ್ ಹೊಸತನಕ್ಕೆ ಕೊಡುವ ಪ್ರಶಸ್ತಿಯ ಕೊನೆಯ ಸುತ್ತಿಗೆ ನಮ್ಮನ್ನು ಬೆಂಗಳೂರಿಗೆ ಕರೆದರು. ದೊಡ್ಡ ಹೋಟೆಲು, ದೊಡ್ಡ ಪರದೆ. ನಮಗಿಂತ ಮೊದಲಿನವರ ಚಿತ್ರಪಟಗಳು ಬಣ್ಣಬಣ್ಣವಾಗಿ ಹಾರಿದವು; ನಿಜಕ್ಕೂ ಒಳ್ಳೆಯ ಕೆಲಸಗಳೇ. ನಮ್ಮ ಹತ್ತಿರ ಒಂದು ಮೊಬೈಲು. ದೇವೇಂದ್ರಪ್ಪ ವೇದಿಕೆಯಲ್ಲಿ ನಿಂತು, ಹುಲಿಗೆವ್ವನಿಗೆ ಫೋನು ಹಚ್ಚಿ, ಮೈಕಿಗೆ ಹಿಡಿದರು. ಅಂದು ಕನಕಗಿರಿಯ ಸಂತೆ. ಹಿಂದಿನ ಗದ್ದಲವೆಲ್ಲ ಹಾಲಿಗೆ ನುಗ್ಗಿತು.

“ಅವ್ವಾ, ಇಲ್ಲಿ ದೊಡ್ಡ ದೊಡ್ಡ ಮಂದಿ ಕೇಳಾಕತ್ತಾರ. ನಿನಗ ಹೇಳ್ಬೇಕನ್ನಿಸಿದ್ದಷ್ಟ ಹೇಳು.”

“ಲಗೂನ ಕೇಳಪಾ, ಗಿರಾಕಿ ನಿಂತಾರ. ಏನ್ ಹೇಳ್ಲಿ? ಮಗಳು ನರ್ಸ್ ಕಲಿಯಾಕ ಹೋಗ್ಯಾಳ. ಫೀ ತುಂಬೂ ಮಟಾ ಮನ್ಯಾಗ ಒಬ್ಬರಿಗೂ ಗೊತ್ತಾಗಲಿಲ್ಲ. ಈಗ ಎಲ್ಲಾರಿಗೂ ಹೇಳೀನಿ, ನಿಮಗೂ ಹೇಳೀನಿ.”

ತೀರ್ಪುಗಾರರಲ್ಲಿ ಒಬ್ಬರು, ಕನ್ನಡ ಬಲ್ಲವರು, ಮುಂದೆ ಬಾಗಿ ಕೇಳಿದರು: “ತುಂಬಾ ಸಂತೋಷ ಅಮ್ಮ. ಈಗ ನಿಮ್ಮ ಖಾತೆಯಲ್ಲಿ ಎಷ್ಟು ಹಣ ಇದೆ?”

“ಅದನ್ನ ನಿಮಗ್ಯಾಕ ಹೇಳ್ಲಿ?” ಎಂದವಳೇ ಹುಲಿಗೆವ್ವ ಫೋನು ಇಟ್ಟಳು.

ಪ್ರಶ್ನೆ ಕೇಳಿದವರೇ ಮೊದಲು ನಕ್ಕರು, ನಗುತ್ತ ಎದ್ದು ನಿಂತು ಚಪ್ಪಾಳೆ ಹೊಡೆದರು. ಕನ್ನಡ ಬಾರದವರಿಗೆ ಪಕ್ಕದವರು ಅನುವಾದಿಸಿದಂತೆಲ್ಲ ನಗುವೂ ಚಪ್ಪಾಳೆಯೂ ಸಾಲು ಸಾಲಾಗಿ ಹಿಂದಕ್ಕೆ ಹೋಯಿತು. ನಾನು ಪಕ್ಕದಲ್ಲಿ ನಿಂತು, ಮ್ಯಾನೇಜರ್ ಎಂಬುದನ್ನೂ ಮರೆತು, ಮೂಗು ಒರೆಸಿಕೊಳ್ಳುತ್ತಿದ್ದೆ.

ಸಂಜೆ ಪ್ರಶಸ್ತಿ ಘೋಷಿಸಿದಾಗ ಶಾಖೆಯ ಹೆಸರಲ್ಲ, ದೇವೇಂದ್ರಪ್ಪನವರ ಹೆಸರನ್ನೇ ಕರೆದರು. ಅವರು ತಂತ್ರಜ್ಞಾನ ವಿಭಾಗದ ಆ ಇಬ್ಬರು ಹುಡುಗಿಯರ ಕೈಹಿಡಿದು ಮೆಟ್ಟಿಲು ಹತ್ತಿದರು. ಗಾಜಿನ ಫಲಕವನ್ನು ಕೈಗೆ ಕೊಟ್ಟಾಗ ಅದರ ಮೇಲೆ ಅತ್ತಿಂದಿತ್ತ ಬೆರಳಾಡಿಸಿ, ಮೈಕಿನ ಹತ್ತಿರ ಬಂದರು. ಆ ಗಂಭೀರ ದನಿ ಹಾಲಿನ ಮೂಲೆ ಮೂಲೆಗೂ ಹೋಯಿತು.

“ಭಾಳ ನುಣ್ಣಗ ಐತ್ರಿ. ಆದ್ರ ಇದರಾಗ ನನ್ನ ಹೆಸರು ಬರದೀರೋ, ಮತ್ಯಾರದರೇ ಬರದೀರೋ, ನನಗ ಹೆಂಗ ಗೊತ್ತಾಗಬೇಕ್ರಿ?”

ನಗುವಿನ ಅಲೆಯ ನಡುವೆ ಸಭೆಯ ಅಧ್ಯಕ್ಷರು ಅವರ ಕೈಹಿಡಿದು ಅಲುಗಿಸುತ್ತಲೇ ಇದ್ದರು. ತಿಂಗಳೊಳಗೆ ಗಂಗಾವತಿಗೆ ಇನ್ನೊಂದು ಫಲಕ ಬಂತು, ಹೆಸರು ಬ್ರೈಲ್ ಲಿಪಿಯ ಉಬ್ಬು ಚುಕ್ಕೆಗಳಲ್ಲಿತ್ತು. ದೇವೇಂದ್ರಪ್ಪ ಅದನ್ನು ಓದಿದರು, ಮತ್ತೆ ಓದಿದರು, ಬಂದ ಗಿರಾಕಿಗಳ ಮುಂದೆಲ್ಲ ದಿನವಿಡೀ ಓದಿದರು. ಇಷ್ಟು ವರ್ಷದಲ್ಲಿ ತಮ್ಮ ಬಗ್ಗೆ ಬೇರೆಯವರು ಬರೆದದ್ದನ್ನು ಅವರೇ ಮೊದಲು ಓದಿದ್ದು ಅದೊಂದೇ. ಈಗ ಅವರೂ ನಿವೃತ್ತರು, ಗಂಗಾವತಿಯಲ್ಲೇ ಇದ್ದಾರೆ, ಗತ್ತು ಒಂದಿಷ್ಟೂ ಇಳಿದಿಲ್ಲ.

ಅಂಚೆ ಕಚೇರಿಯಿಂದ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಇದೆಲ್ಲ ತಲೆಯೊಳಗೆ ಹರಿದುಹೋಗಿತ್ತು. ನಾನಿರುವುದು ಈಗ ಕುಷ್ಟಗಿಯಲ್ಲಿ. ಬಸ್ಸು ಹತ್ತಿ ಕುಳಿತೆ. ಪಕ್ಕದಲ್ಲಿ ನಡುವಯಸ್ಸಿನ ಹೆಂಗಸು, ಮಡಿಲಲ್ಲಿ ಬದನೆಕಾಯಿಯ ಚೀಲ. ಬಸ್ಸು ಊರು ದಾಟಿದಾಗ ಆಕೆ ಒಂದು ಮಿಸ್ಡ್ ಕಾಲ್ ಕೊಟ್ಟಳು, ಕೂಡಲೇ ಮೊಬೈಲು ರಿಂಗಣಿಸಿತು. ಕಿವಿಗೆ ಒತ್ತಿ ಹಿಡಿದು, ಅಂಕಿ ಒತ್ತಿ, ಉಸಿರು ಬಿಗಿಹಿಡಿದು ಕೇಳಿದಳು. ಎಂಜಿನ್ನಿನ ಸದ್ದಿನ ನಡುವೆಯೂ ನನಗೆ ನನ್ನದೇ ದನಿಯ ಏರಿಳಿತ ಗೊತ್ತಾಯಿತು. ಮಾತು ಕೇಳಿಸಲಿಲ್ಲ, ಕೇಳಿಸಬಾರದು ಕೂಡ. ಆಕೆಯ ಮುಖ ಅರಳಿತು.

“ಛಲೋ ಆತು ತಂಗಿ. ಇಡ್ತೀನಿ ಹಂಗಾರ” ಎಂದಳು.

“ಆತ್ರಿ ಅಕ್ಕಾರ” ಎಂದುಬಿಟ್ಟೆ ನಾನು.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮಗಲ್ರೀ, ಫೋನಿನಾಗಿನಾಕಿಗೆ ಅಂದೆ.”

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅಷ್ಟೊಂದು ನಗುವನ್ನು ಬೇರೆಲ್ಲೂ ಬಚ್ಚಿಡಲು ಜಾಗವಿರಲಿಲ್ಲ.