ಬಾಡಿಗೆಯ ಚಪ್ಪಾಳೆ

ಎದುರಾಳಿ ತಂಡ ಗೋಲು ಹೊಡೆಯಿತು. ನಮ್ಮ ಗ್ರೌಂಡಿನಲ್ಲಿ, ನಮ್ಮ ಕಡೆ ನಿಂತಿದ್ದ ಜನ ಚಪ್ಪಾಳೆ ತಟ್ಟಿದರು.

ಒಬ್ಬಿಬ್ಬರಲ್ಲ, ಇಡೀ ಗ್ರೌಂಡು. ಜೊತೆಗೆ ಸೀಟಿ ಬೇರೆ. ಗೋಲು ಹೊಡೆದ ಲಿಂಗಸುಗೂರಿನ ಹುಡುಗ ಖುಷಿಯಿಂದ ಓಡುತ್ತಿದ್ದವನು ಗಕ್ಕನೆ ನಿಂತು ಸುತ್ತ ನೋಡಿದ. ತಾನು ಯಾವ ಊರಿನಲ್ಲಿದ್ದೇನೆ ಎಂದು ಅವನಿಗೇ ಅನುಮಾನ ಬಂದಿರಬೇಕು. ನಮ್ಮ ಗೋಲ್‌ಕೀಪರ್ ಮಾತ್ರ ನೆಲ ನೋಡುತ್ತ ನಿಂತಿದ್ದ.

ಇದು ನಡೆದದ್ದು ಹೋದ ಭಾನುವಾರ ಸಂಜೆ, ಸಿಂಧನೂರಿನ ಪಕ್ಕದ ಆರ್.ಎಚ್. ಕ್ಯಾಂಪಿನಲ್ಲಿ. ಮೊದಲಿಂದ ಹೇಳದಿದ್ದರೆ ನೀವು ನಂಬುವುದಿಲ್ಲ.

ನಮ್ಮ ಕಡೆ ಫುಟ್‌ಬಾಲ್ ಅಂದರೆ ಕ್ಯಾಂಪು. ಅಲ್ಲಿನ ಬಂಗಾಳಿ ಕುಟುಂಬಗಳು ನಿರಾಶ್ರಿತರಾಗಿ ಬಂದಾಗ ಗಂಟುಮೂಟೆಯಲ್ಲಿ ಏನೇನು ತಂದರೋ ಗೊತ್ತಿಲ್ಲ, ಈ ಆಟವನ್ನಂತೂ ತಂದರು. ಭತ್ತದ ಗದ್ದೆಗಳ ನಡುವೆ ಒಂದು ಮೈದಾನ, ಎರಡು ಗೋಲ್‌ಪೋಸ್ಟ್. ನಾನು ಅಲ್ಲಿ ವರ್ಷಗಟ್ಟಲೆ ಪಾಠ ಮಾಡಿದವಳು. ಭಾನುವಾರದ ಮ್ಯಾಚಿಗೆ ಹೋಗದಿದ್ದರೆ ಸೋಮವಾರ ಕ್ಲಾಸಿನಲ್ಲಿ ಮಕ್ಕಳು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಹಾಗೆ ಅಂಟಿದ ಚಟ, ರಿಟೈರ್ ಆದರೂ ಬಿಟ್ಟಿಲ್ಲ.

(ನಮ್ಮ ಮನೆಯವರು ಲಿಂಗಸುಗೂರಿನವರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಅವರ ಟೀಮ್ ಬಿಟ್ಟಿಲ್ಲ, ನಾನು ನನ್ನದನ್ನು ಬಿಟ್ಟಿಲ್ಲ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುತ್ತೇವೆ. ಇಳಿದ ಮೇಲೆ ಆ ತುದಿಗೊಬ್ಬರು, ಈ ತುದಿಗೊಬ್ಬರು.)

ಆಗಿನ ಹೋಂ ಮ್ಯಾಚಿನ ಗಮ್ಮತ್ತು ನೀವು ನೋಡಬೇಕಿತ್ತು. ಮಸ್ಕಿಯಿಂದ ಟಂಟಂ ಆಟೋಗಳಲ್ಲಿ ಜನ ಜೋತಾಡುತ್ತ ಬರುತ್ತಿದ್ದರು. ಗೆರೆಯ ಮೇಲೇ ಕಾಲಿಟ್ಟು ನಿಲ್ಲುತ್ತಿದ್ದರು. ಕಾರ್ನರ್ ಕಿಕ್ ಹೊಡೆಯಲು ಜಾಗ ಬಿಡಿಸಬೇಕಾದರೆ ರೆಫ್ರಿ ಕೈ ಮುಗಿಯಬೇಕಿತ್ತು. ನಮ್ಮವರು ಗೋಲು ಹೊಡೆದರೆ ಕ್ಯಾಂಪಿನ ಹೆಂಗಸರು ಶಂಖ ಊದುತ್ತಿದ್ದರು. ಮನೆಯಲ್ಲಿ ಪೂಜೆಗೆ ಊದುವ ಶಂಖವನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದರು. ಅದಕ್ಕೊಂದೇ ನಿಯಮ. ನಮ್ಮ ಗೋಲಿಗೆ ಮಾತ್ರ ಊದಬೇಕು, ಇನ್ಯಾವುದಕ್ಕೂ ಇಲ್ಲ. ಆ ಸದ್ದು ಕೇಳಿದ ದಿನ ನಮ್ಮ ಮನೆಯವರು ಊಟಕ್ಕೆ ಕೂತು ಸಾರಿಗೆ ಉಪ್ಪಿಲ್ಲ ಎಂದು ಜಗಳ ತೆಗೆಯುತ್ತಿದ್ದರು.

ಈಗ ಶಂಖ ತರುವವರು ಒಬ್ಬರೇ ಉಳಿದಿದ್ದಾರೆ. ತಪನ್‌ನ ತಾಯಿ.

ತಪನ್ ನನ್ನ ಹಳೆಯ ವಿದ್ಯಾರ್ಥಿ. ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಟೀಮಿನ ಕೋಚ್ ಅವನೇ, ಮ್ಯಾನೇಜರ್ ಅವನೇ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವವನೂ ಅವನೇ. ಕೆಲವು ದಿನಗಳ ಹಿಂದೆ ಮನೆಗೆ ಬಂದ. ಕೊಟ್ಟ ಚಹಾ ಹಾಗೇ ಆರಿತು.

"ಗ್ರೌಂಡ್ ಹೋಗಾಕತ್ತೈತ್ರೀ ಮೇಡಂ."

ಮೈದಾನ ನೋಡಿಕೊಳ್ಳುವ ಕಮಿಟಿಯವರು ನಟ್ಟನಡುವೆ ಸಿಮೆಂಟಿನ ಕ್ರಿಕೆಟ್ ಪಿಚ್ ಹಾಕಿಸಬೇಕೆಂದಿದ್ದಾರೆ. ಸ್ಪಾನ್ಸರ್ ರೆಡಿ. ಒಮ್ಮೆ ಸಿಮೆಂಟ್ ಬಿತ್ತೆಂದರೆ ಅದರ ಮೇಲೆ ಬಿದ್ದು ಮೊಣಕಾಲು ಒಡೆದುಕೊಳ್ಳಲು ಯಾವ ತಾಯಿ ಮಗನನ್ನು ಕಳಿಸುತ್ತಾಳೆ? ಅಲ್ಲಿಗೆ ಫುಟ್‌ಬಾಲ್ ಮುಗಿಯಿತು. ತಪನ್ ಹೋಗಿ ಬೇಡಿಕೊಂಡಿದ್ದಾನೆ. ಕಮಿಟಿಯ ಹಿರಿಯರೊಬ್ಬರು ಒಂದು ಅವಕಾಶ ಕೊಟ್ಟಿದ್ದಾರೆ. "ಐತಾರ ಲಿಂಗಸೂರಿನೋರ ಜೋಡಿ ಮ್ಯಾಚ್ ಐತೆಲ್ಲ, ನಾನ ಬಂದು ಕುಂದರ್ತೀನಿ. ನೋಡೋ ಮಂದಿ ಇದ್ರ ಸಿಮೆಂಟ್ ಬ್ಯಾಡ."

ಇಷ್ಟೇ ತಾನೇ? ಗೆಲ್ಲಬೇಕಾಗಿಯೂ ಇರಲಿಲ್ಲ. ಜನ ಬಂದು ನಿಂತರೆ ಸಾಕಿತ್ತು.

ನಮ್ಮ ಟೀಮಿಗೆ ಅಭಿಮಾನಿಗಳ ವಾಟ್ಸಾಪ್ ಗ್ರೂಪಿದೆ. (ಡಿಪಿಯಲ್ಲಿ ಘರ್ಜಿಸುವ ಹುಲಿ.) ತಪನ್ ವಿಷಯ ಹಾಕಿದ್ದೇ ತಡ, ಗ್ರೂಪಿಗೆ ಬೆಂಕಿ ಬಿತ್ತು. "ನಮ್ಮ ಗ್ರೌಂಡ್ ನಮ್ಮ ಹಕ್ಕು." "ಟೀಮಿಗೆ ಪ್ರಾಣ ಕೊಡ್ತೀವಿ ಬ್ರೋ." ಪ್ರಾಣ ಯಾರು ಕೇಳಿದರು? ಕೇಳಿದ್ದು ಒಂದು ಭಾನುವಾರ ಸಂಜೆ.

ಶನಿವಾರದ ಹೊತ್ತಿಗೆ ನೆಪಗಳು ಶುರುವಾದವು. ಒಬ್ಬನಿಗೆ ಅಕ್ಕನ ಸೀಮಂತ, ಕುಬಸದ ಕಾರ್ಯ. ಇನ್ನೊಬ್ಬನಿಗೆ ಬೈಕ್ ಸರ್ವಿಸಿಂಗ್. ಅದೇ ಹೊತ್ತಿಗೆ ಟಿವಿಯಲ್ಲಿ ಯಾವುದೋ ವಿದೇಶಿ ಕ್ಲಬ್ಬಿನ ದೊಡ್ಡ ಮ್ಯಾಚ್ ಇದೆ ಎಂದ ಒಬ್ಬ. ಆ ಕ್ಲಬ್ಬು ಸೋತರೆ ಎರಡು ದಿನ ಊಟ ಬಿಡುವ ಹುಡುಗರು ನಮ್ಮಲ್ಲಿದ್ದಾರೆ. ಆ ಕ್ಲಬ್ಬಿನ ಜೆರ್ಸಿ ತೊಟ್ಟುಕೊಂಡೇ ನಮ್ಮ ಗ್ರೌಂಡಿನ ಪಕ್ಕದಲ್ಲಿ ಹಾದು ಹೋಗುತ್ತಾರೆ. ಒಳಗೆ ಯಾರು ಆಡುತ್ತಿದ್ದಾರೆಂದು ಕತ್ತು ತಿರುಗಿಸಿಯೂ ನೋಡುವುದಿಲ್ಲ.

ತಪನ್‌ಗೆ ಗಾಬರಿಯಾಯಿತು. ಗಾಬರಿಯಲ್ಲಿ ಅವನು ಮಾಡಿದ ಕೆಲಸ ಹೊಳೆಯುವುದು ಈ ಕಾಲದವರಿಗೆ ಮಾತ್ರ. ರಾಜಕೀಯ ಸಮಾವೇಶಗಳಿಗೆ ಜನ ಹೊಂದಿಸಿಕೊಡುವವನಿಗೆ ಫೋನ್ ಮಾಡಿದ.

ನನಗಿದು ಗೊತ್ತಿರಲಿಲ್ಲ. ಭಾನುವಾರ ಹೋಗಿ ನೋಡುತ್ತೇನೆ, ಗ್ರೌಂಡಿನ ಸುತ್ತ ಜನವೋ ಜನ. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಮನೆಯವರ ಮುಖ ಪೆಚ್ಚಾಗಿತ್ತು. ಹಿರಿಯರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೆದ್ದೆವು ಅಂದುಕೊಂಡೆ.

ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು ಮೆಲ್ಲಗೆ ಕೇಳಿದಳು. "ಯಕ್ಕಾರ, ಸಾಹೇಬ್ರು ಎಷ್ಟೊತ್ತಿಗೆ ಬರ್ತಾರ್ರೀ?"

"ಯಾವ ಸಾಹೇಬ್ರವ್ವಾ?"

"ಭಾಷಣ ಮಾಡೋರು."

ಇವರು ಬಾಡಿಗೆಗೆ ಬಂದವರೆಂದು ಆಗ ಗೊತ್ತಾಯಿತು. ಆಕೆಯ ಹೆಸರು ಹುಲಿಗೆಮ್ಮ, ಸಾಲಗುಂದದಿಂದ ಬಂದವಳು. ಗದ್ದೆ ಕೂಲಿಗೆ ಹೋಗುವವಳು. ಒಂದು ಟ್ರ್ಯಾಕ್ಟರ್ ಸಾಲಗುಂದದಿಂದ, ಇನ್ನೊಂದು ಸಂತೆಕಲ್ಲೂರಿನಿಂದ ಬಂದಿತ್ತು. ಇದು ಭಾಷಣ ಅಲ್ಲ, ಬರೀ ಆಟ ಎಂದು ತಿಳಿಸಿ ಹೇಳಿದೆ. ಆಕೆಗೆ ಸಮಾಧಾನವೇ ಆಯಿತು.

"ಹೌದೇನ್ರೀ? ಚೆಂಡು ಬಲ್ಯಾಗ ಬಿದ್ರ ಚಪ್ಪಾಳಿ ಹೊಡೀರಿ ಅಂತ ಹೇಳ್ಯಾರ್ರೀ. ಯಾವ ಬಲ್ಯಾಗ ಅಂತ ಹೇಳಿಲ್ಲ." ಆಮೇಲೆ ಆಟದ ಕಡೆ ಕಣ್ಣು ಕಿರಿದು ಮಾಡಿ ನೋಡಿ ಕೇಳಿದಳು. "ಇದ್ರಾಗ ನಮ್ಮೋರು ಯಾರ್ರೀ?"

"ನೀಲಿ ಅಂಗಿಯವರು" ಎಂದು ನಾನು ಹೇಳುವುದಕ್ಕೂ ಲಿಂಗಸುಗೂರಿನವರು ಗೋಲು ಹೊಡೆಯುವುದಕ್ಕೂ ಸರಿಹೋಯಿತು. ಮೊದಲಿಗೆ ಹೇಳಿದೆನಲ್ಲ, ಆ ಚಪ್ಪಾಳೆ ಇದೇ.

ತಪನ್ ಗೆರೆಯುದ್ದಕ್ಕೂ ಓಡಿದ. ನಿಲ್ಲಿಸಿ, ನಿಲ್ಲಿಸಿ ಎಂದು ಎರಡೂ ಕೈ ಬೀಸಿದ. ಸಮಾವೇಶಗಳಲ್ಲಿ ಮುಖಂಡರು ಕೈ ಬೀಸಿದರೆ ಏನರ್ಥ? ಇನ್ನೂ ಜೋರಾಗಿ ಎಂದರ್ಥ. ಜನ ಇನ್ನೂ ಜೋರಾಗಿ ತಟ್ಟಿದರು. ಸ್ವಲ್ಪ ಹೊತ್ತಿಗೆ ಎರಡನೇ ಗೋಲೂ ಬಿತ್ತು. ಅದಕ್ಕೂ ಚಪ್ಪಾಳೆ. ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಬೇಕೋ ಅಳಬೇಕೋ ನನಗೂ ತಿಳಿಯಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯವರು ತಮ್ಮ ತುದಿಯಿಂದ ನಡೆದು ಬಂದು ನನ್ನ ಪಕ್ಕದಲ್ಲಿ ಸುಮ್ಮನೆ ನಿಂತರು. ಅಣಕಿಸಲಿಲ್ಲ. ಎರಡು ಗೋಲಿಗಿಂತ ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೆ. ಎದುರಾಳಿಗೇ ನಮ್ಮನ್ನು ನೋಡಿ ಪಾಪ ಅನಿಸಿದ ಮೇಲೆ ಉಳಿಯುವುದೇನು?

ಹಾಫ್‌ಟೈಮಿನಲ್ಲಿ ಟ್ರ್ಯಾಕ್ಟರಿನ ಹತ್ತಿರ ಪಲಾವ್ ಬಡಿಸಿದರು. ಆಟ ಮತ್ತೆ ಶುರುವಾದಾಗ ಗ್ರೌಂಡಿನ ಸುತ್ತ ಯಾರೂ ಇರಲಿಲ್ಲ. ನಾವಿಬ್ಬರು, ಮಡಿಲಲ್ಲಿ ಶಂಖ ಇಟ್ಟುಕೊಂಡು ಕೂತ ತಪನ್‌ನ ತಾಯಿ, ಕುರ್ಚಿಯಲ್ಲಿ ಹಿರಿಯರು. ಹುಲಿಗೆಮ್ಮ ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ.

"ಹೋಗಿ ಉಣ್ಣವ್ವಾ, ಆರ್ತೈತಿ" ಎಂದೆ.

"ತಡೀರಿ ಯಕ್ಕಾರ. ಆ ನೀಲಿ ಅಂಗಿ ಕುಳ್ಳ ಹುಡುಗ ಆಗಿಂದ ಒಂದ ಸವನ ಓಡಾಕತ್ತಾನ. ಅವಂದೊಂದು ಬೀಳ್ಲಿ, ಹೋಗ್ತೀನಿ."

ಬಿತ್ತು. ಆಟ ಮುಗಿಯುವ ಹೊತ್ತಿಗೆ ಆ ಕುಳ್ಳ ಹುಡುಗನೇ ಹೊಡೆದ. ಖಾಲಿ ಮೈದಾನದಲ್ಲಿ ಒಂದೇ ಒಂದು ಶಂಖ ಊದಿತು. ವಯಸ್ಸಾದ ಉಸಿರು, ನಡುವೆ ಒಮ್ಮೆ ಕಡಿದು ಮತ್ತೆ ಕೂಡಿಕೊಂಡಿತು. ಹುಲಿಗೆಮ್ಮ ಬೆಚ್ಚಿದಳು. ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿ ನನ್ನ ಕಡೆ ತಿರುಗಿದಳು. "ಈಗ ಬರೋಬ್ಬರಿ ಹೊಡದೆ ಅಲ್ಲೇನ್ರೀ?"

ಹೂಂ ಎಂದೆ.

ಸೋತೆವು. ಹಿರಿಯರು ಕುರ್ಚಿಯಿಂದ ಎದ್ದು ತಪನ್‌ನನ್ನು ಹತ್ತಿರ ಕರೆದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ, ಅದೇ ಕಷ್ಟವಾಯಿತು.

"ತಮ್ಮಾ, ಹತ್ತು ಮಂದಿ ನಿಮ್ಮೋರ ಬಂದು ನಿಂತಿದ್ರ ಇನ್ನೊಂದು ವರ್ಷ ನೋಡೂನು ಅಂತಿದ್ದೆ. ಟ್ರ್ಯಾಕ್ಟರ್ ಹಚ್ಚಿ ಮಂದಿ ತಂದಿ. ಈ ಆಟಕ್ಕ ಮಂದಿ ಇಲ್ಲ ಅಂತ ನೀನ ಹೇಳಿದಂಗಾತು."

ತಪನ್ ತಲೆ ತಗ್ಗಿಸಿದ. ಮುಖಂಡರ ಬರ್ತ್‌ಡೇಗೆ ಜನ ತರಿಸುತ್ತೇವೆ. ಉದ್ಘಾಟನೆಗೆ ತರಿಸುತ್ತೇವೆ. ಎಲ್ಲೆಲ್ಲೂ ನಡೆಯುವುದು ತನ್ನ ಗ್ರೌಂಡಿನಲ್ಲೂ ನಡೆದೀತು ಅಂದುಕೊಂಡ. ನಾನಂತೂ ಅವನನ್ನು ಬೈಯಲಾರೆ. ಬರಬೇಕಾದವರು ಬಂದಿದ್ದರೆ ಅವನೇಕೆ ಟ್ರ್ಯಾಕ್ಟರ್ ಕರೆಸುತ್ತಿದ್ದ?

ಸೋಮವಾರ ಸಿಮೆಂಟಿನ ಚೀಲಗಳು ಬಂದು ಇಳಿದವು. ತಪನ್ ಫೋಟೋ ತೆಗೆದು ಗ್ರೂಪಿಗೆ ಹಾಕಿದ. ನಿಮಿಷದೊಳಗೆ ಅಳುವ ಮುಖಗಳು ಸಾಲುಗಟ್ಟಿದವು. "ಮಿಸ್ ಯೂ ಗ್ರೌಂಡ್." "ಹಾರ್ಟ್ ಬ್ರೋಕನ್." ಡಿಪಿಯ ಹುಲಿ ಬದಲಾಗಿ ಮೈದಾನದ ಹಳೆಯ ಫೋಟೋ ಬಂತು. ಅದಕ್ಕೆ ಹೂವಿನ ಹಾರ ಬೇರೆ ಹಾಕಿದ್ದಾರೆ. ಇದ್ದಾಗ ಬಾರದವರು ತಿಥಿಗೆ ತಪ್ಪದೆ ಬಂದರು.

ಆದರೆ ಈ ವಾರವೆಲ್ಲ ನನ್ನನ್ನು ಕಾಡಿದ್ದು ಅವರಲ್ಲ. ಭಾನುವಾರ ಕತ್ತಲಾಗುವ ಮುಂಚೆ ಸಾಲಗುಂದದ ಟ್ರ್ಯಾಕ್ಟರ್ ಹೊರಟಿತ್ತು. ಹುಲಿಗೆಮ್ಮ ಹತ್ತಿ ಕೂತವಳು ಮತ್ತೆ ಇಳಿದಳು. ಸೆರಗು ಸರಿಮಾಡಿಕೊಳ್ಳುತ್ತ ನನ್ನ ಹತ್ತಿರ ಬಂದು ನಿಂತಳು.

"ಯಕ್ಕಾರ, ನಮ್ಮೋರದು ಮತ್ತ ಯಾವಾಗ ಐತ್ರೀ ಮ್ಯಾಚು? ಟ್ರ್ಯಾಕ್ಟರ್ ಬ್ಯಾಡ್ರೀ, ನಾನ ಆಟೋ ಹಿಡಕೊಂಡು ಬರ್ತೀನಿ."